ಗೇಟಿನ ಕಲ್ಲಿನಲ್ಲಿ ಇದ್ದವಳು

...ಇಲ್ಲ, ಅದು ಕುಂಕುಮ ಇರಲಿಕ್ಕಿಲ್ಲ. ಹಳೆಯ ಗೇಟಿನ ತುಕ್ಕು ಮಳೆನೀರಿನೊಂದಿಗೆ ಇಳಿದು ಕಲ್ಲಿನ ಅಂಚಿನಲ್ಲಿ ನಿಂತ ಕಲೆ ಇರಬೇಕು. ಅಕ್ಕ ಒಪ್ಪುವುದಿಲ್ಲ. ಅದು ಅಮ್ಮನೇ ಇಟ್ಟ ಕುಂಕುಮ, ಕಣ್ಣಾರೆ ನೋಡಿದ್ದೇನೆ ಎನ್ನುತ್ತಾಳೆ. ನಾನೂ ಕಣ್ಣಾರೆ ನೋಡಿದ್ದೇನೆ, ಅಮ್ಮ ಇಡದೇ ಇದ್ದದ್ದನ್ನು. ಇಡದೇ ಇದ್ದದ್ದನ್ನು ಕಣ್ಣಾರೆ ನೋಡುವುದು ಹೇಗೆ ಎಂದು ಯಾರಾದರೂ ಕೇಳಬಹುದು.

ಆಯುಧಪೂಜೆಯ ದಿನ ಅಮ್ಮ ಕುಂಕುಮದ ಬಟ್ಟಲು ಹಿಡಿದು ಮನೆಯೆಲ್ಲ ಸುತ್ತುತ್ತಿದ್ದಳು. ಹೊಲಿಗೆ ಯಂತ್ರ, ಮಿಕ್ಸಿ, ಈಳಿಗೆಮಣೆ, ನೀರಿನ ಮೋಟಾರು, ಕರೆಂಟಿನ ಮೀಟರು, ಅಪ್ಪನ ಸ್ಕೂಟರು, ಕೊನೆಗೆ ಗೇಟಿನ ಎರಡೂ ಬಾಗಿಲು. ಗೇಟಿನ ಎಡಗಡೆಯ ಕಂಬದಲ್ಲಿ ಕೂರಿಸಿದ್ದ ಹೆಸರಿನ ಕಲ್ಲಿನ ಹತ್ತಿರ ಬಂದಾಗ ಅವಳ ಕೈ ಬಟ್ಟಲಿಗೆ ವಾಪಸಾಗುತ್ತಿತ್ತು. ಅಪ್ಪ ಇದ್ದಷ್ಟು ದಿನ ಅವನೇ ಹಿಂದಿನಿಂದ ಬಂದು ಒಂದು ಬೊಟ್ಟು ಇಟ್ಟು ಹೋಗುತ್ತಿದ್ದ. ಹೀಗೆಂದು ನನ್ನ ನೆನಪು. ಇಷ್ಟು ಅಚ್ಚುಕಟ್ಟಾಗಿ ಕೂತಿರುವ ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ಕಲ್ಲಿನ ಬಗ್ಗೆ ಅನುಮಾನವಿಲ್ಲ. ಅದು ಈಗಲೂ ಇದೆ. ಕರಿ ಗ್ರಾನೈಟು, ಇಂಗ್ಲಿಷ್ ಅಕ್ಷರಗಳು, ಅದರೊಳಗೆ ಬಿಳಿ ಬಣ್ಣ. ಓದಿದರೆ ವೆಲ್ಟೆವ್ರೆಡೆನ್ ಎಂದಾಗುತ್ತದೆ. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಆಗ ಇದ್ದ ಮನೆಗಳ ಹೆಸರು ಹೇಳಿದರೆ ಇದು ಅಲ್ಲಿ ಹೇಗೆ ನಿಂತಿತ್ತು ಎಂದು ಗೊತ್ತಾದೀತು: ಶ್ರೀ ಲಕ್ಷ್ಮೀ ನಿಲಯ, ಮಾತೃಕೃಪಾ, ಗುರುಪ್ರಸಾದ, ನೆಮ್ಮದಿ, ಮತ್ತೆ ಹೆಂಡತಿಯರ, ಹೆಣ್ಣುಮಕ್ಕಳ ಹೆಸರಿನವು ನಾಲ್ಕಾರು. ದೇವರ ಹೆಸರಲ್ಲದಿದ್ದರೆ ತಾಯಿಯದು, ತಾಯಿಯದಲ್ಲದಿದ್ದರೆ ಹೆಂಡತಿಯದು. ಬೀದಿಯಲ್ಲಿ ಯಾರೂ ಬರೆದಿಡದ ನಿಯಮ ಅದು. ಹಾಗಾಗಿ ಅಮ್ಮ ಮಾಡಿಕೊಂಡ ತೀರ್ಮಾನದಲ್ಲಿ ತರ್ಕವಿರಲಿಲ್ಲ ಎಂದು ನಾನು ಹೇಳಲಾರೆ. ಇದು ದೇವರ ಹೆಸರಲ್ಲ. ಅತ್ತೆಯ ಹೆಸರಲ್ಲ. ತನ್ನ ಹೆಸರಂತೂ ಅಲ್ಲ. ಹಾಗಾದರೆ ಇನ್ನೊಬ್ಬಳದು.

ಗೃಹಪ್ರವೇಶದ ಹಿಂದಿನ ದಿನ ಕಲ್ಲಿಗೆ ನ್ಯೂಸ್‌ಪೇಪರ್ ಅಂಟಿಸಿತ್ತಂತೆ. ಮೇಸ್ತ್ರಿ ತಿಂಗಳ ಹಿಂದೆಯೇ ಅಪ್ಪನನ್ನು ಕೇಳಿದ್ದ, "ಅಮ್ಮಾವ್ರ ಹೆಸ್ರೇ ತಾನೆ ಸಾರ್?" ಅಪ್ಪ ನಕ್ಕಿದ್ದ. ಆ ನಗುವನ್ನು ಅಮ್ಮ ಹೌದು ಎಂದುಕೊಂಡಳು. ಬೆಳಗ್ಗೆ ಹೋಮದ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಪೇಪರು ತೆಗೆದಾಗಿತ್ತು, ಪಕ್ಕದ ಮನೆಯಾಕೆ ಕಲ್ಲಿನ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು.

"ಯಾರ್ರೀ ಇದು?" ಅಂದಳಂತೆ ಆಕೆ.

ಯಾವುದು ಎನ್ನಲಿಲ್ಲ. ಯಾರು ಎಂದಳು.

ನಾನಾಗ ಹುಟ್ಟಿರಲಿಲ್ಲ. ಅಕ್ಕ ಅಮ್ಮನ ಹೊಟ್ಟೆಯಲ್ಲಿದ್ದಳು. ಆದರೂ ಆ ಹರಿದ ಪೇಪರಿನ ಅಂಟು ಕಲ್ಲಿನ ಮೂಲೆಯಲ್ಲಿ ಉಳಿದಿದ್ದದ್ದು ನನಗೆ ಕಾಣುತ್ತದೆ. ಯಾರೂ ಹೇಳದ ವಿವರ ಅದು. ನಾನೇ ಅಂಟಿಸಿದ್ದಿರಬೇಕು.

ಅಮ್ಮ ಒಂದೇ ಸಲ ಕೇಳಿದ್ದಾಳೆ. ಅವಳು ಹೇಳಿದ ಪ್ರಕಾರ ಮಾತುಕತೆ ಇಷ್ಟು:

"ಏನ್ರೀ ಅದು ಹೆಸ್ರು?"

"ಒಂದು ಊರು."

"ಯಾವೂರು?"

"ದೂರ."

"ನೀವು ಹೋಗಿದ್ರಾ?"

"ಇಲ್ಲ."

ಅಲ್ಲಿಗೆ ಮುಗಿಯಿತು. ಹೋಗದೇ ಇರುವ ಊರಿನ ಹೆಸರನ್ನು ಯಾರಾದರೂ ಮನೆಗೆ ಇಡುತ್ತಾರೆಯೇ? ಹುಟ್ಟೂರಿನ ಹೆಸರಿಟ್ಟವರನ್ನು ಅಮ್ಮ ನೋಡಿದ್ದಳು, ಮನೆದೇವರ ಕ್ಷೇತ್ರದ ಹೆಸರಿಟ್ಟವರನ್ನೂ ನೋಡಿದ್ದಳು. ಕಾಲಿಡದ ಊರು ಎಂದಾಗ ಅವಳಿಗೆ ಖಾತ್ರಿಯಾಯಿತು, ಇವರು ಊರಿನ ಹಿಂದೆ ಯಾರನ್ನೋ ಬಚ್ಚಿಡುತ್ತಿದ್ದಾರೆ ಎಂದು. ಮತ್ತೆ ಕೇಳಲಿಲ್ಲ. ಅಪ್ಪನೂ ಹೇಳುವ ಜಾತಿಯವನಲ್ಲ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತು ಯಂತ್ರದ ಭಾಗಗಳನ್ನು ಬರೆಯುವುದು ಅವನ ಕೆಲಸ. ಕಲ್ಲಿನ ಅಕ್ಷರಗಳನ್ನೂ ಟ್ರೇಸಿಂಗ್ ಪೇಪರಿನಲ್ಲಿ ಅವನೇ ಬರೆದುಕೊಟ್ಟಿದ್ದ. ಒಂದೊಂದು ಅಕ್ಷರದ ನಡುವಿನ ಜಾಗವೂ ಅಳತೆ ಮಾಡಿದಂತಿದೆ. ಇಷ್ಟು ಜೋಪಾನ ಯಾರಿಗಾಗಿ ಎಂದು ಅಮ್ಮ ಯೋಚಿಸಿರದೆ ಇರಲು ಸಾಧ್ಯವಿಲ್ಲ.

ಬೀದಿಗೆ ಆ ಹೆಸರು ಉದ್ದವಾಯಿತು. ಮಕ್ಕಳು ಅರ್ಧಕ್ಕೆ ಕತ್ತರಿಸಿ ವೆಲ್ಟಿ ಎಂದರು. ನಮ್ಮದು ವೆಲ್ಟಿ ಮನೆ, ನಮ್ಮ ಅಮ್ಮ ವೆಲ್ಟಿ ಆಂಟಿ. "ಆಂಟೀ, ಬಾಲ್ ಒಳಗೆ ಬಿತ್ತು, ಪ್ಲೀಸ್ ವೆಲ್ಟಿ ಆಂಟೀ" ಎಂದು ಗೇಟಿನಾಚೆಯಿಂದ ಕೂಗುತ್ತಿದ್ದರು. ಅಮ್ಮ ಬಾಲು ಕೊಡುತ್ತಿದ್ದಳು. ಆದರೆ ಆ ಹೆಸರಿಗೆ ಒಮ್ಮೆಯೂ ತಿರುಗಿ "ಏನಪ್ಪಾ" ಎಂದಿಲ್ಲ. ಸೊಪ್ಪಿನವಳು, ಹಾಲಿನವನು, ಕ್ಲಿನಿಕ್ಕಿನ ಕಾಂಪೌಂಡರು ಎಲ್ಲರೂ ಅವಳನ್ನು ಇನ್ನೊಬ್ಬಳ ಹೆಸರಿನಿಂದ ಕರೆದರು, ಹಾಗೆ ಕರೆಯುತ್ತಿದ್ದೇವೆ ಎಂದು ಅವರಿಗೆ ಗೊತ್ತಿರಲಿಲ್ಲ.

ಅಮ್ಮನಿಗೆ ಕಲ್ಲಿನಲ್ಲಿದ್ದ ಆ ಇನ್ನೊಬ್ಬಳ ಜೊತೆ ಮಾತು ಶುರುವಾದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ನನಗೆ ಬುದ್ಧಿ ಬಂದಾಗ ಅದು ಆಗಲೇ ಹಳೆಯದಾಗಿತ್ತು. ಬೆಳಗ್ಗೆ ಗೇಟಿನ ಮುಂದೆ ನೀರು ಹಾಕಿ ಗುಡಿಸುವಾಗ, ರಂಗೋಲಿಯ ಎಳೆ ಎಳೆಯುವಾಗ, ಕಲ್ಲಿನ ಕಡೆ ನೋಡದೆ ಹೇಳುತ್ತಿದ್ದಳು. "ನಿನ್ ಮನೇನೇ ಅಲ್ವಾ, ಒಂದಿನ ನೀನೇ ಗುಡಿಸ್ಕೋ." ನೀರು ಬರದ ದಿನ, "ನೋಡಿದ್ಯಾ, ಎಂಥಾ ಕಡೆ ಬಂದು ಕೂತಿದೀಯ." ನನಗೆ ಜ್ವರ ಬಂದಿದ್ದಾಗ ಒಮ್ಮೆ, "ಇವತ್ತು ನನ್ನ ಮಾತಾಡಿಸ್ಬೇಡ, ಮಗೂಗೆ ಹುಷಾರಿಲ್ಲ." ಆ ದಿನ ಕಲ್ಲು ಅವಳನ್ನು ಮೊದಲು ಮಾತಾಡಿಸಿತ್ತು ಎಂದಾಯಿತಲ್ಲ. ಕಿಟಕಿಯ ಒಳಗೆ ಕಂಬಳಿ ಹೊದ್ದು ಮಲಗಿದ್ದ ನಾನು ಉತ್ತರಕ್ಕಾಗಿ ಕಿವಿಗೊಟ್ಟು ಕಾದಿದ್ದೆ. ಕೇಳಿಸಿತು ಎಂದು ಎಷ್ಟೋ ವರ್ಷ ನಂಬಿದ್ದೆ. ಪೊರಕೆಯ ಸದ್ದು ಇರಬೇಕು.

ಅಕ್ಕನಿಗೆ ಇದರಲ್ಲಿ ಭಯವಿರಲಿಲ್ಲ. ಅವಳಿಗೆ ಅದು ಅಮ್ಮನ ತಮಾಷೆ. "ಅಮ್ಮ ಜೋಕ್ ಮಾಡ್ತಾ ಇದ್ಲು ಕಣೇ, ನೀನೊಬ್ಳು ಹೆದರುಪುಕ್ಲಿ" ಎನ್ನುತ್ತಾಳೆ. ಇರಬಹುದು. ಸ್ಕೂಲಿನಿಂದ ಬರುವಾಗ ಅಕ್ಕ ಕಲ್ಲಿಗೆ ಮೈ ತಾಗಿಸಿಕೊಂಡೇ ಒಳಗೆ ನುಗ್ಗುತ್ತಿದ್ದಳು. ನಾನು ಗೇಟಿನ ಬಲಬದಿಯಿಂದ ಬರುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮನ ಮಾತು ಕಡಿಮೆಯಾಗುತ್ತದೆ ಎಂದುಕೊಂಡಿದ್ದೆವು. ಆಗಲಿಲ್ಲ. ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೊರಟ ಮಧ್ಯಾಹ್ನ ಅವಳು ಗೇಟು ಹಾಕಲು ಹೋದವಳು ತುಂಬಾ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಕಂಬಕ್ಕೆ ಒರಗಿ ನಿಂತಿದ್ದಳು. "ಇವಳಿಗೆ ಯಾರೂ ಹೇಳೇ ಇಲ್ಲ" ಎಂದಳು.

ಮನೆ ಹಳೆಯದಾಯಿತು. ಸೂರು ಸೋರಿ, ಗೋಡೆ ಬಿರುಕು ಬಿಟ್ಟು, ಕೆಡವಿ ಕಟ್ಟುವುದೇ ವಾಸಿ ಎಂದಾಯಿತು. ನಾನೂ ಅಮ್ಮನೂ ಗೋವಿಂದರಾಜನಗರದಲ್ಲಿ ಒಂದು ಬಾಡಿಗೆ ಮನೆಗೆ ಹೋದೆವು. ಕೆಡವುವವರು ಬರುವ ಮುಂಚೆ ಕಲ್ಲನ್ನು ಬಿಡಿಸಿ ಆಟೋದಲ್ಲಿ ಹಾಕಿ ತಂದವಳು ನಾನೇ. ಅಮ್ಮ ತರಬೇಡ ಎನ್ನಲಿಲ್ಲ. ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಒರಗಿಸಿಟ್ಟೆ. ಸಂಜೆ ನೋಡಿದರೆ ಯಾರೋ ಅದನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿದ್ದರು. ಯಾರೋ ಎಂದು ಬರೆದೆ. ಮನೆಯಲ್ಲಿ ಇದ್ದವರು ಇಬ್ಬರೇ. ಆ ಕಲ್ಲನ್ನು ನಾನು ಆಟೋದವನ ಸಹಾಯವಿಲ್ಲದೆ ಎತ್ತಲಾರದೆ ಹೋಗಿದ್ದೆ. ಎಪ್ಪತ್ತು ದಾಟಿದ ಅಮ್ಮ ಒಬ್ಬಳೇ ಹೇಗೆ ತಿರುಗಿಸಿದಳು ಎಂದು ಕೇಳಲಿಲ್ಲ.

ಹೊಸ ಮನೆಯ ಕಂಬ ಎದ್ದ ಮೇಲೆ ಕಟ್ಟಡದ ಮೇಸ್ತ್ರಿ ಹಳೆಯ ಪ್ರಶ್ನೆಯನ್ನೇ ಕೇಳಿದ. ಏನ್ ಹೆಸರು ಹಾಕ್ಸೋದು. ಅಕ್ಕ ಕೆಂಗೇರಿಯಿಂದ ಫೋನು ಮಾಡಿ ಖಡಾಖಂಡಿತ ಹೇಳಿದಳು, ಅಮ್ಮನ ಹೆಸರು, ಈ ಸಲವಾದರೂ. ನಾನು ಒಪ್ಪಿದೆ. ಅಮ್ಮ, "ನೋಡಣ ನಡಿ" ಎಂದಳು. ಮಾಗಡಿ ರಸ್ತೆಯಲ್ಲಿ ಗ್ರಾನೈಟಿನ ಅಂಗಡಿಯೊಂದಕ್ಕೆ ಹೋದೆವು. ಹಳೆಯ ಕಲ್ಲನ್ನೂ ಆಟೋದಲ್ಲಿ ಒಯ್ದಿದ್ದೆವು, ಅದೇ ಅಳತೆಯದು ಬೇಕು ಎಂದು ಅಮ್ಮ ಹಟ ಹಿಡಿದಿದ್ದಳು.

ಅಂಗಡಿಯವನು ಕಲ್ಲನ್ನು ತಿರುಗಿಸಿ ಓದಿದ. "ಇದ್ಯಾರ್ ಹೆಸ್ರು, ನಿಮ್ದಾಮ್ಮಾ?"

"ಅಲ್ಲಪ್ಪ," ಎಂದಳು ಅಮ್ಮ. "ಇನ್ನೊಬ್ಳದು."

ಅವನು ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದ. ಆಮೇಲೆ ಕಲ್ಲನ್ನು ಬೆರಳಿನಿಂದ ಬಡಿದು ನೋಡಿ, "ಮೇಡಂ, ಹೊಸಾ ಕಲ್ಲ್ ಯಾಕೆ? ಇಂಥ ಕಲ್ಲು ಈಗ ಬರಲ್ಲ. ಹಿಂದ್ಗಡೆ ಪಾಲಿಶ್ ಹೊಡ್ದು ಅಲ್ಲೇ ಹೊಸ ಹೆಸ್ರು ಕೆತ್ಕೊಡ್ತೀನಿ. ಹಳೇದು ಗೋಡೆ ಒಳಗ್ ಹೋಗ್ಬಿಡತ್ತೆ, ಸಿಮೆಂಟ್ ಹಾಕಿದ್ರೆ ಮುಗೀತು, ಯಾರಿಗೂ ಕಾಣಲ್ಲ" ಎಂದ.

ನನಗೆ ಅದು ಒಳ್ಳೆಯ ಉಪಾಯ ಎನಿಸಿತು. ಅಮ್ಮ ಕಲ್ಲಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಾಳೆ ಹೇಳುತ್ತೇವೆ ಎಂದು ಕಲ್ಲನ್ನು ಅಲ್ಲೇ ಬಿಟ್ಟು ಬಂದೆವು. ಬರುವ ಮುಂಚೆ ಅದರ ಒಂದು ಫೋಟೋ ತೆಗೆದುಕೊಂಡೆ.

ಇಷ್ಟು ವರ್ಷ ಕೈಯಲ್ಲೇ ಫೋನಿದ್ದರೂ ನಾನು ಆ ಹೆಸರನ್ನು ಹುಡುಕಿರಲಿಲ್ಲ. ಹುಡುಕಿದರೆ ಒಂದು ಮುಖ ಕಾಣುತ್ತದೆ ಎಂದು ಹೆದರಿದ್ದೆ. ಮನೆಗೆ ಬಂದು, ಅಮ್ಮ ಮಲಗಿದ್ದ ಮಧ್ಯಾಹ್ನದಲ್ಲಿ, ಫೋಟೋ ನೋಡಿಕೊಂಡು ಅಕ್ಷರ ಒತ್ತಿದೆ. ಮುಖ ಬರಲಿಲ್ಲ. ಊರುಗಳು ಬಂದವು. ಅಪ್ಪ ಸುಳ್ಳು ಹೇಳಿರಲಿಲ್ಲ. ಆದರೆ ಒಂದು ಊರು ಎಂದಿದ್ದ, ಅದು ಒಂದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಆ ಹೆಸರಿನ ತೋಟಗಳು, ಹಳೆಯ ಮನೆಗಳು, ಜೊಹಾನ್ಸ್‌ಬರ್ಗ್ ಹತ್ತಿರ ಒಂದು ಇಡೀ ಬಡಾವಣೆ. ಜಾವಾ ದ್ವೀಪದಲ್ಲಿ ಡಚ್ಚರು ಆಳುತ್ತಿದ್ದಾಗ ಈಗಿನ ಜಕಾರ್ತದ ಒಂದು ಭಾಗಕ್ಕೇ ಆ ಹೆಸರಿತ್ತು. ದಕ್ಷಿಣ ಅಮೆರಿಕದ ಕರಾವಳಿಯಲ್ಲೂ ಒಂದು. ಡಚ್ಚರು ಹಡಗು ನಿಲ್ಲಿಸಿ ಜಮೀನು ಗುರುತು ಹಾಕಿಕೊಂಡ ಕಡೆಯಲ್ಲೆಲ್ಲ ಯಾರೋ ಒಬ್ಬ ಅದೇ ಹೆಸರಿಟ್ಟಿದ್ದ. ಆಫ್ರಿಕಾನ್ಸ್ ಭಾಷೆಯಲ್ಲಿ ಕೊನೆಯ ಅಕ್ಷರ ಬಿದ್ದುಹೋಗಿ ವೆಲ್ಟೆವ್ರೆಡೆ ಆಗುತ್ತದಂತೆ.

ಅರ್ಥವೂ ಸಿಕ್ಕಿತು. ವೆಲ್ ಎಂದರೆ ಚೆನ್ನಾಗಿ. ವ್ರೆಡೆ ಎಂದರೆ ಶಾಂತಿ, ಜಗಳವಿಲ್ಲದ ಸ್ಥಿತಿ. ಟೆ ಎನ್ನುವುದು ಎರಡನ್ನೂ ಹಿಡಿದಿಡುವ ಸಣ್ಣ ಮಾತು, ನಮ್ಮ 'ಮನೆಯಲ್ಲಿ' ಎನ್ನುವಾಗಿನ 'ಅಲ್ಲಿ' ಇದ್ದ ಹಾಗೆ. ಮೂರೂ ಸೇರಿ, ತುಂಬ ತೃಪ್ತಿಯಾಗಿರುವವನು, ಇನ್ನೇನೂ ಬೇಡದವನು. ಜಮೀನು ಸಿಕ್ಕಿದವನೊಬ್ಬ ತನ್ನ ತೃಪ್ತಿಯನ್ನೇ ಬಾಗಿಲಿಗೆ ಬರೆಸಿದ್ದಾನೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನಷ್ಟು ಓದಿದೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ಅಂಥ ತೋಟಗಳಲ್ಲಿ ದುಡಿದವರು ಹಡಗಿನಲ್ಲಿ ತಂದ ಗುಲಾಮರು. ಅವರಲ್ಲಿ ಬಂಗಾಳದವರು, ಮಲಬಾರಿನವರು, ಕೋರಮಂಡಲದ ಕಡೆಯವರು ಇದ್ದರು. ಅವರ ಹೆಸರು ಕಿತ್ತು ಕೆಲವರಿಗೆ ತಿಂಗಳುಗಳ ಹೆಸರು ಇಟ್ಟರು, ಎಲ್ಲಿಂದ ತಂದರೋ ಆ ಊರನ್ನು ಅದರ ಕೊನೆಗೆ ಸೇರಿಸಿದರು. ಬೆಳಗಾದರೆ ಆ ಗೇಟಿನ ಮುಂದೆ ಕಸ ಗುಡಿಸಿದ ಹೆಂಗಸಿನ ಭಾಷೆ ನಮಗೆ ಹತ್ತಿರದ್ದೂ ಆಗಿದ್ದಿರಬಹುದು. ತನ್ನ ತಲೆಯ ಮೇಲೆ ಬರೆದಿರುವುದು ಏನು ಎಂದು ಅವಳಿಗೆ ಯಾರೂ ಓದಿ ಹೇಳಿರಲಿಕ್ಕಿಲ್ಲ. ಇದೆಲ್ಲ ಅಪ್ಪನಿಗೆ ಗೊತ್ತಿತ್ತೇ? ಇಲ್ಲವೆಂದೇ ನನ್ನ ಊಹೆ. ಊಹೆಯಷ್ಟೇ.

ಅಮ್ಮ ಎದ್ದು ಕಾಫಿಗೆ ಇಟ್ಟಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ.

"ಅಮ್ಮ, ಅದು ಹೆಂಗಸಿನ ಹೆಸರಲ್ಲ. ನಿಜವಾಗ್ಲೂ ಊರೇ. ಅದರ ಅರ್ಥ ನೆಮ್ಮದಿ ಅಂತ. ತೃಪ್ತಿಯಾಗಿದೀನಿ ಅಂತ."

ಅವಳ ಮುಖದಲ್ಲಿ ಸಮಾಧಾನ ಮೂಡುತ್ತದೆ ಎಂದು ಕಾದೆ. ಅವಳು ಸ್ಟೌ ಸಣ್ಣ ಮಾಡಿದಳು.

"ಯಾರು ತೃಪ್ತಿಯಾಗಿದ್ದಿದ್ದು?"

"ಅಪ್ಪ ಇರ್ಬೇಕು ಅಲ್ವಾ. ನಿನ್ನ ಮದುವೆಯಾಗಿ, ಮನೆ ಕಟ್ಟಿ..."

"ಹಂಗಿದ್ರೆ ನೆಮ್ಮದಿ ಅಂತ ಕನ್ನಡದಲ್ಲೇ ಬರೆಸ್ಬಹುದಿತ್ತಲ್ಲ. ಎರಡು ಮನೆ ಆಚೆ ಬರ್ಸಿಲ್ವಾ ಅವ್ರು?" ಉಕ್ಕಿದ ಹಾಲನ್ನು ಇಳಿಸಿದಳು. ಆಮೇಲೆ, "ಅವರಿಗೆ ನೆಮ್ಮದಿ ಇತ್ತು ಅನ್ನೋದನ್ನ ನಂಗೆ ಗೊತ್ತಾಗದ ಹಾಗೆ ಯಾಕೆ ಬರ್ಸಿದ್ರು?"

ಅವಳು ಲೋಟಕ್ಕೆ ಕಾಫಿ ಬಗ್ಗಿಸಿ ಕೊಟ್ಟಳು.

"ಇರ್ಲಿ. ಅರ್ಥ ಗೊತ್ತಾಯ್ತು. ಆ ಮಾತನ್ನ ಅವರಿಗೆ ಹೇಳಿಕೊಟ್ಟೋರು ಯಾರು?"

ರಾತ್ರಿ ಅಕ್ಕನಿಗೆ ಫೋನು ಮಾಡಿ ಇದನ್ನೇ ಕೇಳಿದೆ. ಅಪ್ಪ ಮದುವೆಗೆ ಮುಂಚೆ ಸ್ವಲ್ಪ ಕಾಲ ಕೊಚ್ಚಿಯಲ್ಲಿ ಕೆಲಸದಲ್ಲಿದ್ದ, ಅಲ್ಲಿ ಡಚ್ಚರ ಹಳೆಯ ಗೋರಿಗಳಿವೆ, ಅಲ್ಲೆಲ್ಲೋ ನೋಡಿರುತ್ತಾನೆ ಎಂದಳು ಅಕ್ಕ. ಕೊಚ್ಚಿಯಲ್ಲ, ಮಂಗಳೂರು ಎಂದು ನನ್ನ ನೆನಪು. ಅವನು ಸ್ಟ್ಯಾಂಪು ಕೂಡಿಸುತ್ತಿದ್ದ, ಜಾವಾದ ಹಳೆಯ ಸ್ಟ್ಯಾಂಪಿನ ಮೇಲಿನ ಅಂಚೆ ಮುದ್ರೆಯಲ್ಲಿ ಇದ್ದೀತು ಎಂದೆ ನಾನು. ಸ್ಟ್ಯಾಂಪು ಕೂಡಿಸಿದ್ದು ಅಪ್ಪನಲ್ಲ, ಮಾವ ಎಂದಳು ಅವಳು. ಕಾರ್ಖಾನೆಗೆ ಹೊರದೇಶದ ಇಂಜಿನಿಯರು ಬರುತ್ತಿದ್ದರಲ್ಲ ಎಂದೆ. ಬರುತ್ತಿದ್ದರು, ಯಾವ ದೇಶದವರೋ ಎಂದಳು. ದಕ್ಷಿಣ ಆಫ್ರಿಕಾಕ್ಕಂತೂ ಅಪ್ಪ ಹೋಗಿರಲು ಸಾಧ್ಯವಿಲ್ಲ. ಅವನಿಗೆ ಪಾಸ್‌ಪೋರ್ಟೇ ಇರಲಿಲ್ಲ, ಇದ್ದಿದ್ದರೂ ಆ ದೇಶಕ್ಕೆ ಇದು ಊರ್ಜಿತವಲ್ಲ ಎಂದು ಅಲ್ಲಿನ ವರ್ಣಭೇದದ ಕಾರಣಕ್ಕೆ ಅಂದಿನ ನಮ್ಮ ಪಾಸ್‌ಪೋರ್ಟಿನಲ್ಲೇ ಅಚ್ಚಾಗಿರುತ್ತಿತ್ತು. ಹೀಗೆ ಒಬ್ಬರ ನೆನಪನ್ನು ಒಬ್ಬರು ಒಡೆದುಹಾಕುತ್ತ ಹೋದೆವು. ಕೊನೆಗೆ ಉಳಿದದ್ದು ಬೋರ್ಡಿನ ಮೇಲೆ ಬಾಗಿ ಅಕ್ಷರಗಳ ನಡುವಿನ ಜಾಗ ಅಳೆಯುತ್ತಿರುವ ಒಬ್ಬ ಗಂಡಸಿನ ಬೆನ್ನು. ಅದು ಅಪ್ಪನ ಬೆನ್ನೇ ಎಂದು ಹೇಳಲಾರೆ.

ಮರುದಿನ ಅಂಗಡಿಗೆ ಹೋದೆವು. ಅಂಗಡಿಯವನು ಕಲ್ಲಿನ ಹಿಂಬದಿಗೆ ಆಗಲೇ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ದ. "ಹೇಳಿ ಅಮ್ಮಾ, ಏನ್ ಹೆಸ್ರು ಬರೀಲಿ?"

ಅಮ್ಮ ತನ್ನ ಹೆಸರು ಹೇಳಲಿಲ್ಲ. ಕಲ್ಲಿನ ಅಂಚಿನ ಕೆಂಪು ಕಲೆಯ ಮೇಲೆ ಬೆರಳಿಟ್ಟಳು. ಉಜ್ಜಿದಳೋ ಸವರಿದಳೋ, ನಾನು ಸರಿಯಾಗಿ ನೋಡಲಿಲ್ಲ.

"ಹಿಂದೆ ಏನೂ ಬರೀಬೇಡಪ್ಪ. ಹೆಂಗಸನ್ನ ಗೋಡೆ ಒಳಗೆ ಹಾಕಿ ಸಿಮೆಂಟ್ ಮೆತ್ತಬಾರ್ದು."

"ಅಮ್ಮ," ಎಂದೆ, "ನಿನ್ನೆ ಹೇಳಿದ್ನಲ್ಲ, ಅದು ಹೆಂಗಸಲ್ಲ ಅಂತ."

"ನಂಗೇನ್ ಕಿವಿ ಕೇಳಲ್ವಾ. ನೀನ್ ಹೇಳ್ದೆ, ನಾನ್ ಕೇಳಿಸ್ಕೊಂಡೆ." ಅಂಗಡಿಯವನ ಕಡೆ ತಿರುಗಿದಳು. "ಅಕ್ಷರಕ್ಕೆ ಹೊಸದಾಗಿ ಬಿಳೀ ಬಣ್ಣ ತುಂಬ್ಕೊಡು ಸಾಕು. ಮೊದ್ಲು ಇದ್ದ ಕಡೇನೇ ಇರ್ಲಿ. ಈ ವಯಸ್ಸಲ್ಲಿ ಅವಳು ಎಲ್ಲಿಗೆ ಹೋಗ್ತಾಳೆ?"

ಅಂಗಡಿಯವನು ಈ ಸಲ ನಕ್ಕ. ಅಮ್ಮನೂ ನಕ್ಕಳು. ನಾನು ನಗದೆ ದುಡ್ಡು ಕೊಡಲು ಪರ್ಸು ತೆರೆದೆ.

ಹೊಸ ಮನೆಗೆ ಬಂದಿದ್ದೇವೆ. ಕಲ್ಲು ಗೇಟಿನ ಎಡಗಡೆಯ ಕಂಬದಲ್ಲಿದೆ. ಅಕ್ಕ ಒಂದು ವಾರ ನಮ್ಮಿಬ್ಬರ ಜೊತೆಯೂ ಮಾತು ಬಿಟ್ಟಿದ್ದಳು, ಈಗ ಸರಿಯಾಗಿದ್ದಾಳೆ. ಬೆಳಗ್ಗೆ ಅಮ್ಮ ಗೇಟಿನ ಮುಂದೆ ಗುಡಿಸುವಾಗ ಮಹಡಿಯ ಕಿಟಕಿಗೆ ಅವಳ ದನಿ ಕೇಳುತ್ತದೆ. ಮಾತು ಏನೆಂದು ಅಷ್ಟು ಮೇಲಕ್ಕೆ ಸ್ಪಷ್ಟವಾಗುವುದಿಲ್ಲ. ಮೊದಲಿನ ಹಾಗೆ ಬೈಗುಳ ಇರುವಂತಿಲ್ಲ. ನಡುನಡುವೆ ನಿಲ್ಲಿಸುತ್ತಾಳೆ, ಎದುರಿನವರು ಮಾತಾಡಲು ಬಿಡುವ ಹಾಗೆ. ಕಲ್ಲಿನ ಅಂಚಿನಲ್ಲಿ ಒಂದು ಕೆಂಪು ಕಲೆ ಮತ್ತೆ ಕಾಣಿಸಿಕೊಂಡಿದೆ. ಹೊಸ ಗೇಟಿಗೆ ಇನ್ನೂ ತುಕ್ಕು ಹಿಡಿದಿಲ್ಲ, ಆದರೆ ಅಂಗಡಿಯಲ್ಲಿ ಹಳೆಯ ಕಲೆಯನ್ನು ಪೂರ್ತಿ ತೊಳೆದಿದ್ದರೇ ಎಂದು ನಾನು ಪರೀಕ್ಷಿಸಿರಲಿಲ್ಲ.

ಆ ಮಾತನ್ನು ಅಪ್ಪನಿಗೆ ಹೇಳಿಕೊಟ್ಟವರು ಯಾರು ಎಂದು ನನಗೆ ಗೊತ್ತಿಲ್ಲ. ಅದರ ಅರ್ಥ ಅವನಿಗೆ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.